ಯಾವ ವಿಮಾನ, ಯಾವ ದಿನ?

ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ಪಿಟ್‌ಫೈರ್ ಯುದ್ಧವಿಮಾನದ ಹಳೇ ಫೋಟೋಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ರೆಕ್ಕೆಯ ಮುಂದಿನ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ತೇಪೆಗಳು ಕಾಣುತ್ತವೆ. ಅವು ಬಟ್ಟೆಯ ತುಂಡುಗಳು. 1940ರಲ್ಲಿ ಬ್ರಿಟನ್ನಿನ ಮೇಲೆ ಹಾರಾಡುತ್ತಿದ್ದ ಸ್ಪಿಟ್‌ಫೈರ್‌ಗಳಲ್ಲಿ ಹೆಚ್ಚಿನವಕ್ಕೆ ರೆಕ್ಕೆಯೊಳಗೆ ಎಂಟು ಬ್ರೌನಿಂಗ್ ಮೆಷಿನ್ ಗನ್‌ಗಳಿದ್ದವು. ಗನ್‌ಗಳ ಬಾಯಿಗೆ ಧೂಳು, ತೇವ ಹೋಗಬಾರದು, ಮೇಲಿನ ಕೊರೆಯುವ ಚಳಿಗೆ ಅವು ಹೆಪ್ಪುಗಟ್ಟಿ ಕೂರಬಾರದು ಅಂತ ನೆಲದ ಸಿಬ್ಬಂದಿ ಆ ತೂತುಗಳ ಮೇಲೆ ಕೆಂಪು ಬಟ್ಟೆ ಅಂಟಿಸುತ್ತಿದ್ದರು. ಪೈಲಟ್ ಗುಂಡು ಹಾರಿಸಿದ ಕೂಡಲೇ ಬಟ್ಟೆ ಹರಿದುಹೋಗುತ್ತಿತ್ತು. ರೆಕ್ಕೆಯ ಅಡಿಯಲ್ಲಿ ಹಿಂದಕ್ಕೆ ಮಸಿಯ ಗೆರೆ ಎಳೆದಂತಾಗುತ್ತಿತ್ತು.

ನಾನು ಇಂಥ ವಿಮಾನ, ಟ್ಯಾಂಕ್‌ಗಳ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಮಾಡುವ ಹವ್ಯಾಸಿ. 1/72 ಅಳತೆಯ, ಅಂದರೆ ನಿಜವಾದದ್ದಕ್ಕಿಂತ 72 ಪಟ್ಟು ಚಿಕ್ಕದಾದ ಮಾಡೆಲ್‌ನಲ್ಲಿ ಈ ತೇಪೆ ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ. ಆದರೆ ಅದನ್ನು ಬಿಡಿಸುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲೇಬೇಕು. ಈ ವಿಮಾನ ಈಗ ಹೊರಡುವುದಕ್ಕೆ ನಿಂತಿದೆಯೋ, ಅಥವಾ ಈಗಷ್ಟೇ ಹೋರಾಡಿ ಬಂದು ಇಳಿದಿದೆಯೋ? ಹೊರಡುವುದಾದರೆ ತೇಪೆ ನೀಟಾಗಿರಬೇಕು, ಮಸಿ ಒರೆಸಿರಬೇಕು. ಬಂದಿಳಿದಿದ್ದರೆ ತೇಪೆ ಚಿಂದಿಯಾಗಿರಬೇಕು, ಎಂಜಿನ್ನಿನ ಹೊಗೆ ಕೊಳವೆಗಳ ಹಿಂದೆ ಕಂದು ಬೂದು ಕಲೆ ಹಬ್ಬಿರಬೇಕು. ಎರಡನ್ನೂ ಬೆರೆಸುವ ಹಾಗಿಲ್ಲ. ತೇಪೆ ಗಟ್ಟಿಯಾಗಿದ್ದು ರೆಕ್ಕೆಯಡಿ ಹಸಿ ಮಸಿ ಇದ್ದರೆ ಆ ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಅಂಥ ಒಂದು ಗಳಿಗೆ ಯಾವತ್ತೂ ಇರಲೇ ಇಲ್ಲ.

ಈ ಹವ್ಯಾಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಸ್ಪಿಟ್‌ಫೈರ್ ಮಾಡುತ್ತೇನೆ ಅಂದರೆ ಸಾಲದು. ಒಟ್ಟು ಇಪ್ಪತ್ತು ಸಾವಿರಕ್ಕೂ ಜಾಸ್ತಿ ಸ್ಪಿಟ್‌ಫೈರ್‌ಗಳು ತಯಾರಾದವು. ಅದರಲ್ಲಿ ಯಾವುದು? ಯಾವ ದಳದ್ದು? ಯಾವ ದಿನ, ಯಾವ ಹೊತ್ತಿನಲ್ಲಿ? ಇಷ್ಟಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಬಣ್ಣದ ಡಬ್ಬಿ ತೆರೆಯಬೇಕು. ಹಾಗೆ ಉತ್ತರ ಹುಡುಕುತ್ತಾ ಹೋದವರಿಗೆ ಪೈಲಟ್ ಒಬ್ಬನೇ ಕಾಣುವುದಿಲ್ಲ. ಆ ಬಟ್ಟೆ ಅಂಟಿಸಿದವನು ಕಾಣುತ್ತಾನೆ. ಎಂಜಿನ್ ನೋಡಿಕೊಳ್ಳುತ್ತಿದ್ದವನು, ಮದ್ದುಗುಂಡು ತುಂಬುತ್ತಿದ್ದವನು, ಪೆಟ್ರೋಲ್ ಹಾಕುತ್ತಿದ್ದವನು ಒಬ್ಬೊಬ್ಬರಾಗಿ ಎದುರಿಗೆ ಬಂದು ನಿಲ್ಲುತ್ತಾರೆ. ವಿಮಾನದ ಮೇಲೆ ಬರೆದಿರುವ ಹೆಸರು ಪೈಲಟ್‌ನದ್ದು. ಅದರ ಮೇಲಿರುವ ಕೊಳೆ, ಗೀರು, ತೇಪೆಗಳೆಲ್ಲ ಇವರದ್ದು.

ಅಳತೆಗಳ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ, ಹೊಸಬರಿಗೆ ಬೇಕಾಗುತ್ತದೆ. 1/72 ಅಂದರೆ ಆರು ಅಡಿಯ ಮನುಷ್ಯ ಒಂದು ಇಂಚು ಆಗುತ್ತಾನೆ. ಅಡಿ ಇಂಚುಗಳಲ್ಲಿ ಲೆಕ್ಕ ಹಾಕುವವರಿಗೆ ಇದಕ್ಕಿಂತ ಸಲೀಸಾದ ಅಳತೆ ಇಲ್ಲ. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಕಂಪನಿ ಪೆಂಗ್ವಿನ್ ಅನ್ನುವ ಹೆಸರಿನಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳನ್ನು ತಂದಾಗ ಇದೇ ಅಳತೆಯನ್ನು ಹಿಡಿಯಿತು. ಆಗಿನದು ಸೆಲ್ಯುಲೋಸ್ ಅಸಿಟೇಟ್. ವರ್ಷ ಕಳೆದಂತೆ ಸೊಟ್ಟಗಾಗುವ ವಸ್ತು. ಈಗ ಕಿಟ್‌ಗಳಿಗೆ ಬಳಸುವ ಪಾಲಿಸ್ಟೈರೀನ್ ಹಾಗೆ ತಿರುಚಿಕೊಳ್ಳುವುದಿಲ್ಲ. ಟ್ಯಾಂಕ್, ಲಾರಿ, ಜೀಪುಗಳಿಗೆ 1/35 ಅಳತೆ ಚಾಲ್ತಿಗೆ ಬಂದ ಕತೆ ಬೇರೆ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಶುರುವಿನಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಅದರೊಳಗೆ ಮೋಟಾರು, ಬ್ಯಾಟರಿ ಕೂರಬೇಕಿತ್ತು. ಅವು ಹಿಡಿಸುವ ಗಾತ್ರಕ್ಕೆ ಟ್ಯಾಂಕ್ ಮಾಡಿ, ಆಮೇಲೆ ಅಳೆದು ನೋಡಿದರೆ ಸುಮಾರು 1/35 ಬಂತು. ಆ ಬ್ಯಾಟರಿಯ ಗಾತ್ರವೇ ಇವತ್ತಿಗೂ ಜಗತ್ತಿನ ಬಹುಪಾಲು ಟ್ಯಾಂಕ್ ಮಾಡೆಲ್‌ಗಳ ಅಳತೆಯನ್ನು ತೀರ್ಮಾನಿಸುತ್ತಿದೆ.

ಇವು ಸುಮ್ನೆ ಆಟಿಕೆಗಳಾಗಿ ಹುಟ್ಟಿ ಆಟಿಕೆಗಳಾಗಿಯೇ ಬೆಳೆದವು ಅಂದುಕೊಳ್ಳಬೇಡಿ. 1942ರಲ್ಲಿ ಅಮೆರಿಕದ ನೌಕಾಪಡೆ ದೇಶದ ಹೈಸ್ಕೂಲು ಮಕ್ಕಳಿಗೆ ಐದು ಲಕ್ಷ ವಿಮಾನ ಮಾಡೆಲ್‌ಗಳನ್ನು ಮಾಡಿಕೊಡಿ ಅಂತ ಕೇಳಿತು. ಮರದಲ್ಲಿ ಕೆತ್ತಿ, ಕಪ್ಪು ಬಣ್ಣ ಬಳಿದ 1/72 ಮಾಡೆಲ್‌ಗಳು. ಆಕಾಶದಲ್ಲಿ ಬರುತ್ತಿರುವುದು ನಮ್ಮದೋ ಶತ್ರುವಿನದೋ ಅಂತ ಕಣ್ಣಳತೆಯಲ್ಲೇ ಹೇಳುವುದನ್ನು ಸೈನಿಕರಿಗೆ ಕಲಿಸುವುದಕ್ಕೆ ಅವು ಬೇಕಿದ್ದವು. ಇಂಥ ಮಾಡೆಲ್ಲನ್ನು ಮೂವತ್ತೈದು ಅಡಿ ದೂರದಲ್ಲಿ ಹಿಡಿದರೆ, ನಿಜವಾದ ವಿಮಾನ ಅರ್ಧ ಮೈಲಿ ದೂರದಲ್ಲಿ ಕಂಡ ಹಾಗೆ ಕಾಣುತ್ತದೆ. ಯಾವನೋ ಹುಡುಗ ಶಾಲೆಯ ಮರಗೆಲಸದ ಕೋಣೆಯಲ್ಲಿ ರೆಕ್ಕೆ ಉಜ್ಜುತ್ತಾ ಕೂತಿದ್ದ. ಅವನು ಉಜ್ಜಿದ್ದು ಒಂಚೂರು ಹೆಚ್ಚುಕಮ್ಮಿಯಾದರೆ ಗುರುತು ತಪ್ಪುತ್ತದೆ, ಗುರುತು ತಪ್ಪಿದರೆ ಒಬ್ಬರ ಜೀವ ಹೋಗುತ್ತದೆ.

ಗುರುತು ತಪ್ಪಿ ಜೀವ ಹೋಗಿದ್ದೂ ಉಂಟು. 1943ರ ಜುಲೈನಲ್ಲಿ ಸಿಸಿಲಿಯ ಮೇಲೆ ಪ್ಯಾರಾಟ್ರೂಪರ್‌ಗಳನ್ನು ಹೊತ್ತು ಹೊರಟಿದ್ದ ಅಮೆರಿಕದ ಸಾಗಣೆ ವಿಮಾನಗಳ ಮೇಲೆ ಅವರದ್ದೇ ಹಡಗುಗಳು, ಅವರದ್ದೇ ಪಡೆಗಳು ರಾತ್ರಿಯ ಕತ್ತಲಲ್ಲಿ ಗುಂಡು ಹಾರಿಸಿದವು. 23 ವಿಮಾನಗಳು ಬಿದ್ದುಹೋದವು. ಮುಂದಿನ ವರ್ಷ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ದಾಳಿಗೆ ಹೊರಡುವಾಗ ಇದು ಮತ್ತೆ ಆಗಬಾರದು ಅಂತ ಮಿತ್ರರಾಷ್ಟ್ರಗಳು ತಮ್ಮ ವಿಮಾನಗಳ ರೆಕ್ಕೆ ಮತ್ತು ಹಿಂಬದಿಯ ಮೇಲೆ ಬಿಳಿ ಕಪ್ಪು ಪಟ್ಟಿ ಬಳಿದವು. ಮೂರು ಬಿಳಿ, ಎರಡು ಕಪ್ಪು. ಒಂದು ಎಂಜಿನ್ನಿನ ವಿಮಾನಕ್ಕೆ ಒಂದೊಂದು ಪಟ್ಟಿಯೂ 18 ಇಂಚು ಅಗಲ.

ಈ ಪಟ್ಟಿಗಳ ಹತ್ತಿರ ಒಂದು ಗಳಿಗೆ ನಿಲ್ಲೋಣ. ಗುಟ್ಟು ಬಯಲಾಗಬಾರದು ಅಂತ ಅಪ್ಪಣೆಯನ್ನು ಕೊನೆ ಗಳಿಗೆಯವರೆಗೆ ತಡೆಹಿಡಿದಿದ್ದರು. ದಾಳಿ ನಡೆದದ್ದು 1944ರ ಜೂನ್ 6ರಂದು. ಬಳಿಯುವುದಕ್ಕೆ ಸಿಕ್ಕಿದ್ದು ಅದರ ಹಿಂದಿನ ಎರಡು ಮೂರು ದಿನ ಮಾತ್ರ. ಸಾವಿರಾರು ವಿಮಾನಗಳು. ಮೆಕ್ಯಾನಿಕ್‌ಗಳು, ಗುಮಾಸ್ತರು, ಕೈ ಖಾಲಿ ಇದ್ದವರೆಲ್ಲ ಕುಂಚ ಹಿಡಿದರು. ಕೆಲವು ಕಡೆ ಪೊರಕೆಯಲ್ಲೂ ಬಳಿದರು. ಹಾಗಾಗಿ ಫೋಟೋಗಳಲ್ಲಿ ಅಂಚುಗಳು ಅಂಕುಡೊಂಕು. ಬಿಳಿಯ ಕೆಳಗಿಂದ ಹಸಿರು ಇಣುಕುತ್ತದೆ, ಕುಂಚದ ಗೆರೆ ಎದ್ದು ಕಾಣುತ್ತದೆ, ಎಲ್ಲೋ ಒಂದು ಕಡೆ ಬಣ್ಣ ಇಳಿದು ಸೋರಿದೆ.

1/72ರಲ್ಲಿ 18 ಇಂಚು ಅಂದರೆ ಕಾಲು ಇಂಚು. ಮಾಸ್ಕಿಂಗ್ ಟೇಪ್ ಅಂಟಿಸಿ ಏರ್‌ಬ್ರಷ್ ಹಿಡಿದರೆ ಗೆರೆ ಕತ್ತರಿಸಿದಷ್ಟು ನೇರ ಬರುತ್ತದೆ. ಕೆಲಸ ಅಚ್ಚುಕಟ್ಟು, ನೋಡಿದವರು ಭೇಷ್ ಅನ್ನುತ್ತಾರೆ. ನನಗದು ಒಪ್ಪಿಗೆಯಾಗುವುದಿಲ್ಲ. ಎಲ್ಲ ವಿಮಾನಗಳದ್ದೂ ಒರಟಾಗಿತ್ತು ಅಂತಲ್ಲ, ಕೆಲವು ಕಡೆ ಸೀಮೆಸುಣ್ಣದ ಗೆರೆ ಹಾಕಿ ನಾಜೂಕಾಗಿ ಬಳಿದವರೂ ಇದ್ದರು. ಆದರೆ ನಾನು ಆರಿಸಿಕೊಂಡ ಫೋಟೋದಲ್ಲಿ ಅಂಚು ಡೊಂಕಾಗಿದ್ದರೆ ನನ್ನದೂ ಡೊಂಕಾಗಿರಬೇಕು. ಟೇಪ್ ಪಕ್ಕಕ್ಕಿಟ್ಟು ಚಪ್ಪಟೆ ಕುಂಚದಲ್ಲಿ, ಬಣ್ಣವನ್ನು ತುಸು ತೆಳು ಮಾಡಿಕೊಂಡು ಒಂದೇ ಎಳೆತಕ್ಕೆ ಎಳೆಯಬೇಕು. ತಿದ್ದುವುದಕ್ಕೆ ಹೋಗಬಾರದು. ಡೊಂಕು ಗೆರೆಯನ್ನು ನಂಬುವ ಹಾಗೆ ಎಳೆಯುವುದು ನೇರ ಗೆರೆಗಿಂತ ಕಷ್ಟ. ಕೈಗೆ ಅವಸರ ಇರಬಾರದು, ಗೆರೆಯಲ್ಲಿ ಅವಸರ ಕಾಣಬೇಕು.

ಟ್ಯಾಂಕ್‌ಗಳಲ್ಲೂ ಇದೇ ಮಾತು. ಸೋವಿಯತ್ ಒಕ್ಕೂಟದ ಟಿ-34 ಟ್ಯಾಂಕಿನ, ತೋಪು ಕೂರುವ ಎರಕದ ಗೋಪುರ ನೋಡಿದ್ದೀರಾ? 1942ರ ಹೊತ್ತಿಗೆ ತಯಾರಾದವನ್ನು ಹತ್ತಿರದಿಂದ ನೋಡಿದರೆ ಮೈಯೆಲ್ಲ ತರಿತರಿ. ಎರಡು ಅಚ್ಚು ಸೇರಿದ ಕಡೆ ದಪ್ಪ ಗೆರೆ. ಬೆಸುಗೆ ಹಾಕಿದ ಕಡೆ ಉಬ್ಬು ತಗ್ಗು. ಅದನ್ನೆಲ್ಲ ಉಜ್ಜಿ ನುಣುಪು ಮಾಡುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಸ್ಟಾಲಿನ್‌ಗ್ರಾಡ್‌ನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಂತೂ ಜರ್ಮನ್ ಸೇನೆ ನಗರದ ಬಾಗಿಲಿಗೆ ಬಂದಾಗಲೂ ಟ್ಯಾಂಕ್ ತಯಾರಾಗುತ್ತಲೇ ಇತ್ತು. ರಬ್ಬರ್ ಸಿಗದೆ ಅಲ್ಲಿಯವರು ಟ್ಯಾಂಕಿನ ಗಾಲಿಗಳಿಗೆ ಹೊರಗಿನ ರಬ್ಬರ್ ಬಳೆ ತೆಗೆದು ಬರೀ ಉಕ್ಕಿನ ಗಾಲಿ ಹಾಕಿದರು. ಗಂಡಸರು ಯುದ್ಧಕ್ಕೆ ಹೋದ ಮೇಲೆ ಅಂಥ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಹೆಂಗಸರು, ಹದಿಹರೆಯದ ಹುಡುಗ ಹುಡುಗಿಯರು ಬಹಳ ಮಂದಿ.

ಕಿಟ್‌ನಲ್ಲಿ ಬರುವ ಪ್ಲಾಸ್ಟಿಕ್ ಗೋಪುರ ಎಷ್ಟೋ ಸಲ ನಿಜವಾದದ್ದಕ್ಕಿಂತ ನುಣುಪಾಗಿರುತ್ತದೆ! ಅದನ್ನು ನಾವು ಕೈಯಾರೆ ಒರಟು ಮಾಡಬೇಕು. ಇದಕ್ಕೆ ನಾನು ಮಾಡುವುದು ಹೀಗೆ. ಸ್ಪ್ರೂ ಅನ್ನುತ್ತೇವಲ್ಲ, ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿ, ಅದರ ಚೂರುಗಳನ್ನು ಮಾಡೆಲ್ ಗೋಂದಿನಲ್ಲಿ ನೆನೆಹಾಕುವುದು. ಈ ಗೋಂದು ಅಂಟಿಸುವುದಕ್ಕಿಂತ ಮುಂಚೆ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಚೂರುಗಳು ಕರಗಿ ಮಂದವಾದಾಗ ಗೋಪುರದ ಮೇಲೆ ತೆಳುವಾಗಿ ಸವರಿ, ಒಣಗುವ ಮೊದಲೇ ಹಳೇ ಗಡುಸು ಕುಂಚದ ತುದಿಯಿಂದ ಕುಟ್ಟುತ್ತಾ ಹೋಗಬೇಕು. ಒಂದು ದಿನ ಬಿಟ್ಟು ಉಪ್ಪುಕಾಗದದಿಂದ ಹಗುರವಾಗಿ ಸವರಿದರೆ ಎರಕದ ತರಿ ಬಂದಿರುತ್ತದೆ. ಅಚ್ಚಿನ ಗೆರೆಗೆ ಸಣ್ಣ ಪ್ಲಾಸ್ಟಿಕ್ ಎಳೆ ಅಂಟಿಸಿ, ಅದನ್ನೂ ಅಲ್ಲಲ್ಲಿ ಚಾಕುವಿನಿಂದ ಕೆತ್ತಬೇಕು. ಪ್ರೈಮರ್ ಬಿದ್ದಾಗ ಬೆಳಕು ಆ ತರಿಗಳ ಮೇಲೆ ಒಡೆಯುತ್ತದಲ್ಲ, ಆಗ ಪ್ಲಾಸ್ಟಿಕ್ ಅನ್ನುವುದು ಮರೆತುಹೋಗಿ ಉಕ್ಕು ಕಾಣುತ್ತದೆ.

ಜರ್ಮನ್ ಟ್ಯಾಂಕ್‌ಗಳ ಬಣ್ಣದ ಬಗ್ಗೆ ಹವ್ಯಾಸಿಗಳ ನಡುವೆ ಮುಗಿಯದ ವಾದ ಇದೆ. 1943ರ ಫೆಬ್ರವರಿಯಿಂದ ಅವು ಕಾರ್ಖಾನೆಯಿಂದ ಗಾಢ ಹಳದಿ ಬಣ್ಣದಲ್ಲಿ ಹೊರಬರುತ್ತಿದ್ದವು. ಅದರ ಮೇಲೆ ಬಳಿದುಕೊಳ್ಳುವುದಕ್ಕೆ ಹಸಿರು ಮತ್ತು ಕೆಂಗಂದು ಬಣ್ಣವನ್ನು ಪೇಸ್ಟಿನ ರೂಪದಲ್ಲಿ ಪಡೆಗಳಿಗೆ ಕೊಡುತ್ತಿದ್ದರು. ಪೆಟ್ರೋಲ್ ಸಿಕ್ಕರೆ ಪೆಟ್ರೋಲ್, ಇಲ್ಲದಿದ್ದರೆ ನೀರು, ಯಾವುದರಲ್ಲಾದರೂ ಕಲಸಿ ಬಳಿಯಬಹುದಿತ್ತು. ಎಷ್ಟು ತೆಳು ಮಾಡಿದರು, ಸ್ಪ್ರೇ ಮಾಡಿದರೋ ಕುಂಚ ಹಿಡಿದರೋ ಅನ್ನುವುದರ ಮೇಲೆ ಬಣ್ಣ ಬೇರೆ ಬೇರೆ ಬಂತು. ಹೀಗಿರುವಾಗ ಬಾಟಲಿಯ ಮೇಲೆ ಬರೆದ ಬಣ್ಣವೊಂದೇ ಸರಿ, ಉಳಿದದ್ದೆಲ್ಲ ತಪ್ಪು ಅನ್ನುವ ಹಟ ನನಗೆ ಅರ್ಥವಾಗುವುದಿಲ್ಲ. ಹಳೇ ಫೋಟೋಗಳೂ ಈ ವಾದವನ್ನು ಬಗೆಹರಿಸಲಾರವು. ಆರ್ಥೋಕ್ರೋಮ್ಯಾಟಿಕ್ ಅನ್ನುವ ಕಪ್ಪುಬಿಳುಪು ಫಿಲಂ ಇತ್ತು. ಅದಕ್ಕೆ ಕೆಂಪು ಬೆಳಕು ತಾಕುವುದೇ ಇಲ್ಲ. ಹಾಗಾಗಿ ಅದರಲ್ಲಿ ಕೆಂಪು ಬಣ್ಣ ಕಪ್ಪಾಗಿ, ಹಳದಿ ಕಂದಿದ ಹಾಗೆ, ನೀಲಿ ಬೆಳ್ಳಗೆ ಕಾಣುತ್ತದೆ. ಬ್ರಿಟಿಷ್ ವಿಮಾನಗಳ ವೃತ್ತಲಾಂಛನದ ಹೊರಬಳೆ ಹಳದಿ. ಕೆಲವು ಫೋಟೋಗಳಲ್ಲಿ ಅದು ಸುತ್ತಲಿನ ಹಸಿರಿನಲ್ಲಿ ಕರಗಿಹೋದಂತೆ ಕಾಣುವುದು ಇದೇ ಕಾರಣಕ್ಕೆ.

ಮ್ಯೂಸಿಯಮ್ಮಿಗೆ ಹೋಗಿ ನೋಡಬಹುದಲ್ವಾ ಅಂತ ಕೇಳುತ್ತಾರೆ. ನೋಡಬೇಕು, ಖಂಡಿತ ನೋಡಬೇಕು. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ 1943ರ ಏಪ್ರಿಲ್‌ನಲ್ಲಿ ಟುನೀಶಿಯಾದಲ್ಲಿ ಸೆರೆಸಿಕ್ಕ ಜರ್ಮನ್ ಟ್ಯಾಂಕ್ ಟೈಗರ್ 131 ಇದೆ, ಇವತ್ತಿಗೂ ಅದರ ಎಂಜಿನ್ ಓಡುತ್ತದೆ. ಆಕಾರಕ್ಕೆ, ಅಳತೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆದರೆ ಅದರ ಮೇಲಿನ ಬಣ್ಣ ಆಮೇಲೆ ಬಳಿದದ್ದು. ಅದರ ಕೊಳೆಯನ್ನು ಯಾವತ್ತೋ ತೊಳೆದಾಗಿದೆ. ಆ ದಿನದ ಕೊಳೆ ಬೇಕಾದರೆ ಫೋಟೋಗಳಿಗೇ ವಾಪಸ್ ಬರಬೇಕು.

ಹಾಗಂತ ಕೊಳೆಯನ್ನು ಮನಸ್ಸಿಗೆ ಬಂದ ಕಡೆ ಬಳಿಯುವುದೂ ಸರಿಯಲ್ಲ. ಈಗ ಅದೊಂದು ಗೀಳಾಗಿದೆ. ಎಲ್ಲ ಟ್ಯಾಂಕಿಗೂ ತುಕ್ಕು, ಎಲ್ಲ ವಿಮಾನಕ್ಕೂ ಮೈತುಂಬ ಗೀರು. ಯುದ್ಧಕಾಲದ ಟ್ಯಾಂಕ್‌ಗಳಲ್ಲಿ ಅಷ್ಟು ತುಕ್ಕು ಹಿಡಿಯುವಷ್ಟು ವರ್ಷ ಬದುಕಿದ್ದವೇ ಕಡಿಮೆ. ಗೀರು ಬೀಳುವುದಕ್ಕೆ ಒಂದು ಕಾರಣ ಬೇಕು. ಸ್ಪಿಟ್‌ಫೈರ್‌ನ ಕಾಕ್‌ಪಿಟ್ ಬಾಗಿಲು ಇರುವುದು ಎಡಗಡೆ. ಪೈಲಟ್ ಹತ್ತುವುದೂ ಅಲ್ಲಿಂದಲೇ, ಬೆಲ್ಟು ಬಿಗಿಯಲು ಸಿಬ್ಬಂದಿ ನಿಲ್ಲುವುದೂ ಅಲ್ಲೇ. ಎಡ ರೆಕ್ಕೆಯ ಬುಡದಲ್ಲಿ ಬೂಟು ಉಜ್ಜಿ ಬಣ್ಣ ಹೋಗಿ ಅಲ್ಯೂಮಿನಿಯಂ ಹೊಳೆಯುತ್ತದೆ. ರೆಕ್ಕೆಯ ತುದಿಯಲ್ಲಿ ಯಾರೂ ನಡೆದಾಡುವುದಿಲ್ಲ, ಅಲ್ಲಿ ಅಂಥ ಸವೆತ ಹಾಕಿದರೆ ಅದಕ್ಕೆ ಅರ್ಥವಿಲ್ಲ. ಮದ್ದುಗುಂಡು ತುಂಬುವ ಮುಚ್ಚಳಗಳ ಸುತ್ತ ಸ್ಕ್ರೂಡ್ರೈವರ್ ಜಾರಿದ ಗುರುತು ಇರಬಹುದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಿಂದ ಕೆಳಗೆ ಇಳಿದ ಕಲೆ ಇರಬಹುದು. ಪ್ರತಿ ಕಲೆಯ ಹಿಂದೆಯೂ ಯಾರೋ ಒಬ್ಬರು ಮಾಡಿದ ಒಂದು ಕೆಲಸ ಇರಬೇಕು. ಕುಂಚ ಅದ್ದುವ ಮೊದಲು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ, ಇಲ್ಲಿ ಕೈಯಿಟ್ಟವರು ಯಾರು ಅಂತ.

ಸಣ್ಣದು ಮಾಡುವಾಗ ಎಲ್ಲವನ್ನೂ ಸಮನಾಗಿ ಸಣ್ಣದು ಮಾಡಲು ಆಗುವುದಿಲ್ಲ, ಇದನ್ನೂ ಹೇಳಬೇಕು. ವಿಮಾನದ ಮೈಮೇಲೆ ತಗಡುಗಳು ಸೇರುವ ಕಡೆ ಗೆರೆ ಇರುತ್ತದೆ. ಕಿಟ್‌ನಲ್ಲಿ ಆ ಗೆರೆಯ ಅಗಲ 0.3 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅದನ್ನು 72ರಿಂದ ಗುಣಿಸಿದರೆ ಎರಡು ಸೆಂಟಿಮೀಟರ್ ದಾಟುತ್ತದೆ. ನಿಜವಾದ ವಿಮಾನದಲ್ಲಿ ಅಷ್ಟು ಸಂದು ಬಿಟ್ಟಿದ್ದರೆ ಅದು ಹಾರುತ್ತಿತ್ತೇ? ಆದರೂ ಆ ಗೆರೆ ಪೂರ್ತಿ ಇಲ್ಲದಿದ್ದರೆ ಕಣ್ಣು ಒಪ್ಪುವುದಿಲ್ಲ. ಅದಕ್ಕೇ ಗೆರೆಗಳಿಗೆ ಕಡುಕಪ್ಪು ವಾಶ್, ಅಂದರೆ ತೀರಾ ತೆಳು ಮಾಡಿದ ಬಣ್ಣ, ತುಂಬುವುದನ್ನು ನಾನು ಇಷ್ಟಪಡುವುದಿಲ್ಲ. ಮೈಬಣ್ಣಕ್ಕಿಂತ ಒಂದೆರಡು ಛಾಯೆ ಗಾಢವಾದದ್ದು ಸಾಕು. ತೂಕವೂ ಹಾಗೆಯೇ. ಟೈಗರ್ ಟ್ಯಾಂಕಿನ ತೂಕ 57 ಟನ್, ಮಾಡೆಲ್ಲಿನದು ಒಂದು ಹಿಡಿ ಪ್ಲಾಸ್ಟಿಕ್. ಅದರ ಉಕ್ಕಿನ ಚೈನು ಮೇಲ್ಗಡೆ ಗಾಲಿಗಳ ಮೇಲೆ ಜೋತುಬಿದ್ದು ಕೂತಿರಬೇಕು. ವಿಮಾನದ ಟೈರಿನ ಅಡಿಯನ್ನು ಉಜ್ಜಿ ಸ್ವಲ್ಪ ಚಪ್ಪಟೆ ಮಾಡಬೇಕು. ಇಷ್ಟು ಮಾಡಿದರೆ ಮೇಜಿನ ಮೇಲಿರುವ ಆ ಹಗುರ ವಸ್ತು ನೆಲವನ್ನು ಒತ್ತಿ ನಿಂತ ಹಾಗೆ ಕಾಣುತ್ತದೆ.

ಕೊಲ್ಲುವುದಕ್ಕೆ ಅಂತಲೇ ಕಟ್ಟಿದ ಯಂತ್ರಗಳನ್ನು ಇಷ್ಟು ಪ್ರೀತಿಯಿಂದ ಯಾಕೆ ಮಾಡುತ್ತೀರಿ ಅಂತ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಬಿ-17 ಬಾಂಬರ್ ಮೆಂಫಿಸ್ ಬೆಲ್ 1943ರ ಮೇ ತಿಂಗಳಲ್ಲಿ 25 ದಾಳಿಗಳ ಸರದಿ ಮುಗಿಸಿ, ಜೂನ್‌ನಲ್ಲಿ ಮನೆಗೆ ಮರಳಿತು. ಮೂಗಿನ ಪಕ್ಕ ದಾಳಿಗೊಂದರಂತೆ ಪುಟ್ಟ ಬಾಂಬಿನ ಚಿತ್ರ. ಅದರ ಡೆಕಾಲ್ ಅನ್ನುವ ತೆಳು ಅಂಟುಚಿತ್ರ ಅಂಟಿಸುವುದು ತಾಳ್ಮೆಯ ಕೆಲಸ. ನೀರಿನಲ್ಲಿ ಅದ್ದಿ, ಕಾಗದದಿಂದ ಜಾರಿಸಿ, ಚಿಮುಟದಿಂದ ಜಾಗಕ್ಕೆ ತಂದು, ಮೇಲೆ ಮೆತ್ತಗಾಗಿಸುವ ದ್ರಾವಣ ಸವರಬೇಕು. ಸವರಿದ ಕೂಡಲೇ ಡೆಕಾಲ್ ಸುಕ್ಕುಗಟ್ಟಿ ಹಾಳಾದ ಹಾಗೆ ಕಾಣುತ್ತದೆ. ಆಗ ಮುಟ್ಟಲೇಬಾರದು. ಒಣಗುತ್ತಾ ಒಣಗುತ್ತಾ ತಾನೇ ಚಪ್ಪಟೆಯಾಗಿ ಕೆಳಗಿನ ರಿವೆಟ್‌ಗಳಿಗೆ ಅಂಟಿಕೊಂಡು, ಬಣ್ಣದಲ್ಲೇ ಬರೆದಂತಾಗುತ್ತದೆ. ಹಾಗೆ ಕಾಯುತ್ತಾ ಕೂತಾಗ ಲೆಕ್ಕ ತಾನಾಗಿ ತಲೆಗೆ ಬರುತ್ತದೆ. ಒಂದು ಬಿ-17ರಲ್ಲಿ ಹತ್ತು ಜನ. ಈ ವಿಮಾನ ಸೇರಿದ್ದ ಅಮೆರಿಕದ ಎಂಟನೇ ವಾಯುಪಡೆಯಲ್ಲಿ ಸತ್ತವರೇ 26,000ಕ್ಕೂ ಹೆಚ್ಚು. ಕೆಳಗೆ ಬಾಂಬು ಬಿದ್ದ ಊರುಗಳಲ್ಲಿ ಸತ್ತವರ ಲೆಕ್ಕ ಯಾವ ವಿಮಾನದ ಮೂಗಿನ ಮೇಲೂ ಬರೆದಿಲ್ಲ.

ಜರ್ಮನ್ ವಿಮಾನಗಳ ಬಾಲದ ಮೇಲಿನ ನಾಜಿ ಲಾಂಛನದ ವಿಷಯದಲ್ಲೂ ನನಗೆ ಖಚಿತ ಅಭಿಪ್ರಾಯ ಇದೆ. ಜರ್ಮನಿಯ ಕಾನೂನು ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿದೆ. ಹಾಗಾಗಿ ಎಷ್ಟೋ ಕಿಟ್‌ಗಳಲ್ಲಿ ಅದು ಇರುವುದಿಲ್ಲ, ಕೆಲವದರಲ್ಲಿ ಎರಡು ತುಂಡಾಗಿ ಕೊಟ್ಟಿರುತ್ತಾರೆ. ಕಾನೂನು ಇರುವ ಕಡೆ ಅದನ್ನು ಪಾಲಿಸಲೇಬೇಕು. ಅದರ ಕಾರಣವೂ ಸರಿಯಾದದ್ದೇ. ಉಳಿದ ಕಡೆ, ನನ್ನ ಮೇಜಿನ ಮೇಲೆ, ನಾನು ಅದನ್ನು ಬಿಡುವುದಿಲ್ಲ. ಅದಿಲ್ಲದ ಮೆಸ್ಸರ್‌ಶ್ಮಿಟ್ ಬರೀ ಚಂದದ ವಿಮಾನವಾಗಿಬಿಡುತ್ತದೆ. ಅದು ಯಾರಿಗಾಗಿ ಹಾರಿತು ಅನ್ನುವುದು ನೋಡಿದವರಿಗೆ ಕಾಣಬೇಕು.

ಇತ್ತೀಚೆಗೆ ನನ್ನ ಮನಸ್ಸು ವಿಮಾನ, ಟ್ಯಾಂಕ್‌ಗಳಿಂದ ಲಾರಿಗಳ ಕಡೆ ಹೊರಳಿದೆ. ಈಗ ಮೇಜಿನ ಮೇಲಿರುವುದು 1/35ರ ಜಿಎಂಸಿ ಎರಡೂವರೆ ಟನ್ ಲಾರಿ. ಯುದ್ಧದ ಹೊತ್ತಿನಲ್ಲಿ ಅಮೆರಿಕ ಇಂಥವನ್ನು ಐದು ಲಕ್ಷಕ್ಕೂ ಜಾಸ್ತಿ ತಯಾರಿಸಿತು. ಅಷ್ಟಿದ್ದರೂ ಕಿಟ್‌ಗಳ ಲೋಕದಲ್ಲಿ ಹತ್ತಾರು ಬಗೆಯ ಟೈಗರ್ ಸಿಗುತ್ತವೆ, ಲಾರಿ ಹುಡುಕಬೇಕಾಗುತ್ತದೆ. ಟೈಗರ್ ತಯಾರಾದದ್ದು 1,350ರ ಆಸುಪಾಸು ಅಷ್ಟೇ. ಈ ಅಸಮತೋಲನ ನನಗೆ ನಿಜಕ್ಕೂ ಬೇಸರ ತರುತ್ತದೆ.

1944ರ ಆಗಸ್ಟ್ ಕೊನೆಯಲ್ಲಿ ಮಿತ್ರಪಡೆಗಳು ಫ್ರಾನ್ಸಿನಲ್ಲಿ ಎಷ್ಟು ವೇಗವಾಗಿ ಮುನ್ನುಗ್ಗಿದವು ಅಂದರೆ ಟ್ಯಾಂಕ್‌ಗಳಿಗೆ ಪೆಟ್ರೋಲ್ ಸಾಲದೆ ಹೋಯಿತು. ಫ್ರಾನ್ಸಿನ ರೈಲುಹಳಿಗಳನ್ನು ಮಿತ್ರಪಡೆಗಳ ಬಾಂಬುಗಳೇ ಮುರಿದುಹಾಕಿದ್ದವು. ಆಗ ಶುರುವಾದದ್ದು ರೆಡ್ ಬಾಲ್ ಎಕ್ಸ್‌ಪ್ರೆಸ್. ಆಗಸ್ಟ್ 25ರಿಂದ ನವೆಂಬರ್ 16ರವರೆಗೆ, ಹಗಲು ರಾತ್ರಿ ಅನ್ನದೆ, ಹೋಗುವುದಕ್ಕೊಂದು ಬರುವುದಕ್ಕೊಂದು ದಾರಿ ಮಾಡಿಕೊಂಡು ಲಾರಿಗಳು ಓಡಿದವು. ಚಾಲಕರಲ್ಲಿ ಮುಕ್ಕಾಲು ಪಾಲು ಜನ ಆಫ್ರಿಕನ್ ಅಮೆರಿಕನ್ನರು. ಅವರದ್ದೇ ದೇಶದ ಸೇನೆ ಅವರನ್ನು ಬೇರೆ ತುಕಡಿಗಳಲ್ಲಿ ಇಟ್ಟಿತ್ತು, ಮುಂಚೂಣಿಯಲ್ಲಿ ಹೋರಾಡುವ ಅವಕಾಶವನ್ನು ಬಹುಪಾಲು ಮಂದಿಗೆ ಕೊಟ್ಟಿರಲಿಲ್ಲ. ಅವರು ಸಾಗಿಸಿದ್ದು ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಸರಕು. ಅಮೆರಿಕದ ಸೇನಾಪತಿ ಪ್ಯಾಟನ್ ಹೆಸರು ಎಲ್ಲರಿಗೂ ಗೊತ್ತು, ಇವರಲ್ಲಿ ಒಬ್ಬರ ಹೆಸರು ಹೇಳಿ ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಅದಕ್ಕೇ ಈ ಲಾರಿಯ ಹಿಂಬದಿಗೆ ಜೆರ್ರಿಕ್ಯಾನ್ ತುಂಬುವುದಕ್ಕೆ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದೇನೆ. ಜರ್ಮನ್ನರು ಮೊದಲು ಮಾಡಿ, ಆಮೇಲೆ ಎದುರಾಳಿಗಳೂ ನಕಲು ಮಾಡಿದ 20 ಲೀಟರಿನ ಕ್ಯಾನ್ ಅದು. ಅದರ ತಲೆಯ ಮೇಲೆ ಮೂರು ಹಿಡಿಕೆ. ತುಂಬಿದ್ದಾಗ ಒಬ್ಬ ನಡುವಿನದನ್ನು ಹಿಡಿಯಬಹುದು, ಇಬ್ಬರು ಆಚೀಚಿನದನ್ನು ಹಂಚಿಕೊಳ್ಳಬಹುದು. ಖಾಲಿಯಾದರೆ ಒಂದೇ ಕೈಯಲ್ಲಿ ಎರಡು ಕ್ಯಾನ್ ಎತ್ತಬಹುದು. 1/35ರಲ್ಲಿ ಈ ಹಿಡಿಕೆಗಳು ಕೂದಲಿಗಿಂತ ತುಸು ದಪ್ಪ ಇರುತ್ತವೆ, ಉಜ್ಜುವಾಗ ಹುಷಾರಾಗಿರಬೇಕು. ಕ್ಯಾನುಗಳ ಬಣ್ಣ ಒಂದೇ ಥರ ಇರದ ಹಾಗೆ ನೋಡಿಕೊಂಡಿದ್ದೇನೆ. ಹಸಿರಿಗೆ ಒಂದೊಂದು ಹನಿ ಬೇರೆ ಬೇರೆ ಬಣ್ಣ ಬೆರೆಸಿದರೆ ಸಾಕು, ಕೆಲವು ಹೊಸದು, ಕೆಲವು ಬಿಸಿಲಿಗೆ ಮಾಸಿದ್ದು ಅನ್ನಿಸುತ್ತದೆ. ಬಾಯಿಯ ಸುತ್ತ ಪೆಟ್ರೋಲ್ ಚೆಲ್ಲಿದ ಕಲೆಗೆ ತೆಳುವಾದ ಕಂದು ಆಯಿಲ್ ಬಣ್ಣ, ಅದರ ಮೇಲೆ ಒಂಚೂರು ಹೊಳಪಿನ ವಾರ್ನಿಶ್. ಹಿಡಿಕೆಗಳ ಮೇಲ್ಭಾಗಕ್ಕೆ ಪೆನ್ಸಿಲ್ಲಿನ ಸೀಸದ ಪುಡಿ ಬೆರಳಲ್ಲಿ ಸವರಬೇಕು, ಕೈ ತಾಗಿ ತಾಗಿ ಬಣ್ಣ ಸವೆದ ಕಬ್ಬಿಣದ ಹೊಳಪು ಬರುತ್ತದೆ. ಕ್ಯಾನುಗಳು ಮುಗಿದ ಮೇಲೆ ಚಾಲಕನ ಬಾಗಿಲು, ಪಾವಟಿಗೆ, ಸ್ಟೀರಿಂಗ್ ಚಕ್ರ ಇವೆ. ಮುಂದಿನ ಗಾಜಿಗೆ ಧೂಳು ಹಾಕಿ, ವೈಪರ್ ಒರೆಸಿದಷ್ಟು ಜಾಗ ಮಾತ್ರ ತಿಳಿಯಾಗಿ ಬಿಡಬೇಕು.